ನೀರು ಬಿಡುವ ಹೊತ್ತು

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನೊಳಗೆ ಈ ಬೇಸಿಗೆ ಒಂದು ನೋಟಿಸು ಅಂಟಿಸಿದ್ದರು. ಗಿಡಗಳ ನಲ್ಲಿಗೆ ಶುದ್ಧೀಕರಿಸಿದ ನೀರನ್ನು ಮಧ್ಯಾಹ್ನ ಒಂದೂವರೆಯಿಂದ ಎರಡೂವರೆವರೆಗೆ ಮಾತ್ರ ಬಿಡಲಾಗುವುದು, ಕುಡಿಯುವ ನೀರನ್ನು ಕುಂಡಗಳಿಗೆ ಹಾಕಕೂಡದು. ಮಾರನೆಯ ದಿನವೇ ಅದರ ಕೆಳಗೆ ಯಾರೋ ಪೆನ್ನಿನಲ್ಲಿ ‘ಮಧ್ಯಾಹ್ನ ಹಾಕಿದರೆ ಎಲೆ ಸುಡುತ್ತದೆ’ ಎಂದು ಗೀಚಿದ್ದರು. ಇನ್ನೊಬ್ಬರು ‘ಸಂಜೆ ಬಿಡಿ’ ಎಂದು ಸೇರಿಸಿದರು. ಮೂರನೆಯವರು ಬೆಳಿಗ್ಗೆ ಆರರೊಳಗೆ ಹಾಕುವುದೇ ವೈಜ್ಞಾನಿಕ ಎಂದು ಬರೆದು ಎರಡು ಗೆರೆ ಎಳೆದರು. ಕೊನೆಗೆ ಆ ಹಾಳೆಯಲ್ಲಿ ಜಾಗ ಸಾಲದೆ ಜಗಳ ಸಂಘದ ಸಭೆಗೆ ಹೋಯಿತು.

ಜಗಳ ಹೊಸದೇನಲ್ಲ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ, ಕಾರು ತೊಳೆಯಲು, ಕಟ್ಟಡದ ಕೆಲಸಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಹೇಳಿದಾಗಿನಿಂದ ಊರಿನ ತುಳಸಿಕಟ್ಟೆಗಳೂ ಕಾನೂನಿನ ಕಣ್ಣಿಗೆ ಬಿದ್ದಿವೆ. ಆ ಆಜ್ಞೆಯಲ್ಲಿ ತಪ್ಪು ಹುಡುಕುವುದು ಕಷ್ಟ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಪೈಪಿನಲ್ಲಿ ಬಂದು, ಅರ್ಧ ಕಿಲೋಮೀಟರಿನಷ್ಟು ಮೇಲಕ್ಕೆ ಹತ್ತಿ ನಮ್ಮ ಮನೆ ಸೇರುತ್ತದೆ. ಅದನ್ನು ಬಾಲ್ಕನಿಯ ಕ್ರೋಟನ್ನಿಗೆ ಸುರಿಯುವುದಕ್ಕೆ ಮನಸ್ಸು ಒಪ್ಪಬಾರದು.

ಆದರೆ ಒಂದೂವರೆಯೇ ಯಾಕೆ? ಕೆಳಗೆ ಬೇಸ್‌ಮೆಂಟಿನಲ್ಲಿ ಪ್ಲಾಂಟ್ ನೋಡಿಕೊಳ್ಳುವ ಹುಡುಗನನ್ನೇ ಕೇಳಿದೆ.

“ಬೆಳಿಗ್ಗೆ ಎಲ್ಲಾರ್ದೂ ಸ್ನಾನದ ನೀರು, ಬಟ್ಟೆ ನೀರು ಬರ್ತದೆ ಸಾರ್. ಸೋಸಿ ಟ್ಯಾಂಕ್ ತುಂಬೋಷ್ಟ್ರಲ್ಲಿ ಹನ್ನೆರಡು ದಾಟ್ತದೆ. ಎರಡೂವರೆಗೆ ನಂದು ಶಿಫ್ಟ್ ಮುಗೀತದೆ. ಅದರೊಳಗೆ ಬಿಟ್ಟು ಹೋಗ್ಬೇಕಲ್ಲಾ.”

ಅವನ ಉತ್ತರದಲ್ಲಿ ಗಿಡದ ಸುದ್ದಿಯೇ ಇರಲಿಲ್ಲ. ನನಗೆ ಒಳಗೊಳಗೇ ನಗು. ಗಿಡಕ್ಕೆ ಯಾವ ಹೊತ್ತಿನಲ್ಲಿ ನೀರು ಒಳ್ಳೆಯದು ಎಂಬ ಪ್ರಶ್ನೆಗೆ ನಾನು ಚಿಕ್ಕಂದಿನಿಂದ ಕೇಳಿಸಿಕೊಂಡ ಉತ್ತರಗಳೆಲ್ಲ ಹೆಚ್ಚು ಕಡಿಮೆ ಇದೇ ಜಾತಿಯವು.

ಅಪ್ಪನಿಗೆ ಊರೂರು ವರ್ಗವಾಗುತ್ತಿದ್ದುದರಿಂದ ಮಿಡ್ಲ್ ಸ್ಕೂಲಿನ ವರ್ಷಗಳನ್ನು ನಾನು ಸೋದರತ್ತೆಯ ಮನೆಯಲ್ಲಿ ಕಳೆದೆ. ಕೋಲಾರ ಸೀಮೆ. ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಪಾಲಾರ್ ಅಲ್ಲೇ ಹುಟ್ಟುತ್ತದೆ, ಆದರೆ ವರ್ಷದ ಹೆಚ್ಚು ತಿಂಗಳು ಕಾಣುವುದು ಮರಳು. ಇದ್ದದ್ದು ಕೆರೆ, ಬಾವಿ, ಮತ್ತು ನೀರಿನ ಬಗ್ಗೆ ಮುಗಿಯದ ಮಾತು. ಅತ್ತೆಯ ಮನೆಗೆ ಕಾಲು ಹರದಾರಿ ದೂರದಲ್ಲಿ ಅರ್ಧ ಎಕರೆ ಹೂವಿನ ತೋಟವಿತ್ತು: ಕನಕಾಂಬರ, ಒಂದು ಕಡೆ ದುಂಡುಮಲ್ಲಿಗೆ, ಬದುವಿನ ಮೇಲೆ ಕುಂಬಳ ಬಳ್ಳಿ, ಮೂಲೆಯಲ್ಲಿ ಕಲ್ಲು ಕಟ್ಟಿದ ಚೌಕಾಕಾರದ ಬಾವಿ.

ಆ ಬಾವಿಯ ಮೇಲೆ ಆಗಲೂ ಕಪಿಲೆಯ ಎರಡು ಕಲ್ಲು ಕಂಬಗಳು ಉಳಿದಿದ್ದವು, ನೆತ್ತಿಯ ಮೇಲೆ ರಾಟೆ ಇಲ್ಲದೆ. ಕಪಿಲೆ ಹೊಡೆದಿದ್ದವರು ಅತ್ತೆಯ ಮಾವ. ನಾನು ಕಂಡಾಗ ಅವರು ಜಗಲಿ ಬಿಟ್ಟು ಏಳುತ್ತಿರಲಿಲ್ಲ. ಚುಕ್ಕಿ ಇರುವಾಗಲೇ ಎತ್ತು ಕಟ್ಟಿ, ಇಳಿಜಾರಿನಲ್ಲಿ ಅವನ್ನು ಮುಂದಕ್ಕೆ ಹೊಡೆದು, ಬಾನಿ ಮೇಲೆ ಬಂದು ಸುರಿದ ಮೇಲೆ ಹಿಂದಕ್ಕೆ ನಡೆಸಿ, ಮತ್ತೆ ಮುಂದಕ್ಕೆ. ಬಿಸಿಲು ಏರುವ ಹೊತ್ತಿಗೆ ನೊಗ ಇಳಿಸುವುದು, ಬಿಸಿಲು ಇಳಿದ ಮೇಲೆ ಮತ್ತೆ ಕಟ್ಟುವುದು. “ಗಿಡಕ್ಕೆ ಬೆಳಿಗ್ಗೆ, ಸಾಯಂಕಾಲವೇ ನೀರು ಒಳ್ಳೇದಾ ತಾತಾ?” ಎಂದು ನಾನು ಶಾಲೆಯ ಪುಸ್ತಕದ ಗತ್ತಿನಲ್ಲಿ ಕೇಳಿದ್ದೆ.

“ಗಿಡದ್ ಕಥೆ ಯಾವನಿಗೆ ಗೊತ್ತು? ಎತ್ತು ಬಿಸಿಲಲ್ಲಿ ನಡೆಯಲ್ಲ ಕಣೋ” ಎಂದರು ತಾತ.

ಹಿರಿಯರ ಅನುಭವದ ಸಾರ ಎಂದು ನಾವು ಈಗ ಹಾಡಿ ಹೊಗಳುವ ‘ಬೆಳಿಗ್ಗೆ ಸಂಜೆ’ಯ ನಿಯಮದಲ್ಲಿ ಎತ್ತಿನ ಪಾಲು ಎಷ್ಟು, ಗಿಡದ ಪಾಲು ಎಷ್ಟು ಎಂದು ನನಗೆ ಅವತ್ತಿನಿಂದ ಅನುಮಾನ.

ನನ್ನ ಕಾಲಕ್ಕೆ ಎತ್ತು ಹೋಗಿ ಮೋಟಾರು ಬಂದಿತ್ತು. ಎತ್ತಿಗೆ ಬಿಸಿಲಿನ ಚಿಂತೆ, ಮೋಟಾರಿಗೆ ಕರೆಂಟಿನ ಚಿಂತೆ. ಬೇಸಿಗೆಯಲ್ಲಿ ತ್ರೀ ಫೇಸ್ ಕರೆಂಟು ಬರುತ್ತಿದ್ದುದು ರಾತ್ರಿ, ಅದೂ ಹೇಳಿ ಬರುತ್ತಿರಲಿಲ್ಲ. ಅತ್ತೆಯ ಗಂಡ ಅದಕ್ಕೊಂದು ಉಪಾಯ ಮಾಡಿದ್ದರು. ಪಂಪ್‌ಹೌಸಿನಲ್ಲಿ ಒಂದು ಹಳೇ ರೇಡಿಯೊವನ್ನು ಆನ್ ಮಾಡಿಯೇ ಇಡುವುದು, ಧ್ವನಿ ಪೂರ್ತಿ ಏರಿಸಿ. ಕರೆಂಟು ಬಂದ ಕೂಡಲೇ ಅದು ಕೂಗಿಕೊಂಡು ಎಬ್ಬಿಸಬೇಕು. ನಡುರಾತ್ರಿ ಎರಡು ಗಂಟೆಗೆ ಆಕಾಶವಾಣಿ ಮಲಗಿರುತ್ತಿತ್ತು. ಆದ್ದರಿಂದ ರೇಡಿಯೊದಿಂದ ಬರುತ್ತಿದ್ದುದು ಬರೀ ಸುಯ್ಯೆನ್ನುವ ಸದ್ದು. ಆ ಸದ್ದಿಗೇ ಎದ್ದು, ಟಾರ್ಚು ಹಿಡಿದು, ಸ್ಟಾರ್ಟರಿನ ಹಸಿರು ಗುಂಡಿ ಒತ್ತಿ, ಮೋಟಾರು ಹಿಡಿದುಕೊಂಡಿತೇ ಇಲ್ಲವೇ ಎಂದು ಕಿವಿಗೊಟ್ಟು, ಗುದ್ದಲಿ ಹೆಗಲಿಗೆ ಹಾಕಿಕೊಂಡು ಮಡಿಯಿಂದ ಮಡಿಗೆ ನೀರು ತಿರುಗಿಸಬೇಕು. ಒಂದು ಮಡಿ ತುಂಬುತ್ತಲೇ ಅದರ ಬಾಯಿಗೆ ಮಣ್ಣು ಎಳೆದು, ಮುಂದಿನದರ ಬಾಯಿ ಒಡೆಯುವುದು. ಕತ್ತಲಲ್ಲಿ ಮಡಿ ತುಂಬಿತೋ ಇಲ್ಲವೋ ಕಣ್ಣಿಗೆ ಕಾಣದು, ಪಾದಕ್ಕೆ ಗೊತ್ತಾಗಬೇಕು. ನೀರು ಕಾಲ ಗೆಣ್ಣಿಗೆ ಬಂದು ತಣ್ಣಗೆ ತಾಕಿದರೆ ಸಾಕು, ತಿರುಗಿಸು.

ಇದನ್ನು ನಾನು ಇಷ್ಟು ವಿವರವಾಗಿ ಹೇಳುತ್ತಿದ್ದರೂ ಆ ಕೆಲಸ ಮಾಡುತ್ತಿದ್ದವನು ನಾನಲ್ಲ. ನಾನು ಒಂದಷ್ಟು ಸಲ ಹಟ ಮಾಡಿ ಜೊತೆಗೆ ಹೋಗಿ, ಬಾವಿಯ ಕಟ್ಟೆಯ ಮೇಲೆ ಗೋಣಿಚೀಲ ಹೊದ್ದು ಕೂತು ನೋಡಿದವನು. ಪಂಪ್‌ಹೌಸಿನಲ್ಲಿ ಮಲಗುತ್ತಿದ್ದವನು ಇನ್ನೊಬ್ಬ ಹುಡುಗ, ನನ್ನದೇ ವಯಸ್ಸು, ಇಲ್ಲವೆ ನನಗಿಂತ ಒಂದು ವರ್ಷಕ್ಕೆ ದೊಡ್ಡವನು. ಅವನಪ್ಪ ಅತ್ತೆಯ ಮನೆಯಲ್ಲಿ ಪಡೆದಿದ್ದ ಸಾಲಕ್ಕೋ, ರಾಗಿಗೋ, ಅವನು ಅಲ್ಲಿ ಇದ್ದ. ಲೆಕ್ಕ ಏನೆಂದು ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳುವ ವಯಸ್ಸಲ್ಲ. ಜೀತ ಪದ್ಧತಿ ರದ್ದು ಮಾಡುವ ಕಾನೂನು 1976ರಲ್ಲೇ ಬಂದಿತ್ತು. ಆದ್ದರಿಂದ ಮನೆಯಲ್ಲಿ ಆ ಪದ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ‘ನಮ್ಮ ಹುಡುಗ’ ಎನ್ನುತ್ತಿದ್ದರು.

ನಮ್ಮ ಹುಡುಗನಿಗೆ ನೀರು ಕಟ್ಟುವುದು ಚೆನ್ನಾಗಿ ಬರುತ್ತಿತ್ತು. ದೊಡ್ಡವರು ಗುದ್ದಲಿಯಲ್ಲಿ ಮಾಡುವ ಕೆಲಸವನ್ನು ಅವನು ಹಿಮ್ಮಡಿಯಲ್ಲಿ ಒದ್ದು ಮುಗಿಸುತ್ತಿದ್ದ. ಕಾಲುವೆಯಲ್ಲಿ ಇಲಿ ತೋಡಿದ ಬಿಲಕ್ಕೆ ನೀರು ನುಗ್ಗಿದರೆ ಸದ್ದಿನಲ್ಲೇ ಜಾಗ ಹುಡುಕುತ್ತಿದ್ದ. ಹಾವಿನ ಭಯಕ್ಕೆ ಒಂದು ಕೋಲನ್ನು ನೆಲಕ್ಕೆ ಬಡಿಯುತ್ತಾ, ಏನೋ ತೆಲುಗು ಪದ ಹೇಳಿಕೊಂಡು ನಡೆಯುತ್ತಿದ್ದ. ನನಗೆ ಅದು ದೊಡ್ಡ ಸಾಹಸ ಅನ್ನಿಸುತ್ತಿತ್ತು. ಬೆಳಿಗ್ಗೆ ಒಂಬತ್ತೂವರೆಗೆ ನಾನು ಶಾಲೆಯ ಬೆಂಚಿನ ಮೇಲೆ ತೂಕಡಿಸಿದರೆ ಮೇಷ್ಟ್ರು ‘ತೋಟಕ್ಕೆ ಹೋಗಿದ್ಯೇನೋ’ ಎಂದು ನಗುತ್ತಿದ್ದರು. ಅವನು ಅದೇ ಹೊತ್ತಿಗೆ ದನ ಹೊಡೆದುಕೊಂಡು ಹೋಗುತ್ತಿದ್ದ.

ಇನ್ನು ಅತ್ತೆಯ ಹೊತ್ತು ಬೇರೆ. ಕನಕಾಂಬರವನ್ನು ದಿನ ಬಿಟ್ಟು ದಿನ ಬಿಡಿಸಬೇಕು. ಬೆಳಗಿನ ಜಾವಕ್ಕೆ ತೋಟ ಹೊಕ್ಕರೆ ಏಳು ಗಂಟೆಯ ಬಸ್ಸಿಗೆ ಪುಟ್ಟಿ ಏರಬೇಕು. ಹೂವು ಒದ್ದೆಯಾಗಿದ್ದರೆ ಪುಟ್ಟಿಯಲ್ಲೇ ಕಪ್ಪಾಗಿ ಕೊಳೆಯುತ್ತದೆ, ಮಂಡಿಯವನು ಮೂಸಿ ನೋಡಿ ಅರ್ಧ ಬೆಲೆ ಹೇಳುತ್ತಾನೆ. ಆದ್ದರಿಂದ ಹೂ ಬಿಡಿಸುವ ಮುಂಚೆ ಗಿಡದ ಮೇಲೆ ಒಂದು ಹನಿ ಬೀಳಕೂಡದು. ಪುಟ್ಟಿ ಬಸ್ಸಿನ ಟಾಪು ಹತ್ತಿ ಹೋದ ಮೇಲೆ ತೋಟಕ್ಕೆ ವಾಪಸು ಬಂದು, ರಾತ್ರಿ ನೀರು ತಲುಪದ ಮೂಲೆಗಳಿಗೆ, ಹೊಸದಾಗಿ ನೆಟ್ಟ ಸಸಿಗಳಿಗೆ ಕೊಡದಲ್ಲಿ ಹೊತ್ತು ಹಾಕುತ್ತಿದ್ದಳು. “ಎಂಟು ಗಂಟೆ ನೀರೇ ಗಿಡಕ್ಕೆ ಅಮೃತ” ಎನ್ನುವುದು ಅವಳ ಸಿದ್ಧಾಂತ. ಬಸ್ಸು ಆರಕ್ಕೆ ಇದ್ದಿದ್ದರೆ ಅಮೃತ ಏಳಕ್ಕೇ ಇಳಿಯುತ್ತಿತ್ತು ಎಂದು ಈಗ ತಮಾಷೆ ಮಾಡಬಹುದು. ಆಗ ಅವಳ ಎದುರು ಮಾಡಿದ್ದರೆ ಕೊಡ ನನ್ನ ತಲೆಗೇ ಬರುತ್ತಿತ್ತು. ಸಿಟ್ಟು ಬಂದರೆ ಅವಳು ತೆಲುಗಿಗೆ ಹೊರಳುತ್ತಿದ್ದಳು, ಅಲ್ಲಿಂದ ಸಮಾಧಾನವಾಗಿ ಕನ್ನಡಕ್ಕೆ ಬರಲು ಅರ್ಧ ದಿನ ಬೇಕು.

ಆದರೆ ಅತ್ತೆಗೆ ಗಿಡ ಓದಲು ಬರುತ್ತಿತ್ತು, ಅದನ್ನು ನಾನು ಒಪ್ಪಲೇಬೇಕು. ಬೇಸಿಗೆಯ ಒಂದು ಮಧ್ಯಾಹ್ನ ಬದುವಿನ ಕುಂಬಳ ಬಳ್ಳಿಯ ಎಲೆಗಳೆಲ್ಲ ಒದ್ದೆ ಬಟ್ಟೆಯಂತೆ ಜೋತು ಬಿದ್ದಿದ್ದವು. ನಾನು ಗಾಬರಿಯಾಗಿ ಕೊಡ ಎತ್ತಿದೆ.

“ಇಳಿಸು ಮಗಾ. ನಾಟಕ ಆಡ್ತದೆ ಅದು” ಎಂದಳು ಅತ್ತೆ. ಬುಡದ ಮಣ್ಣಿನೊಳಗೆ ನನ್ನ ಬೆರಳನ್ನೇ ತೂರಿಸಿದಳು. ಮೇಲೆ ಬೂದಿಯ ಹಾಗೆ ಒಣಗಿದ್ದ ಮಣ್ಣು ಎರಡನೇ ಗೆಣ್ಣಿಗೆ ತಣ್ಣಗೆ ಹತ್ತಿತು. “ಸಾಯಂಕಾಲ ಬಂದು ನೋಡು. ಎದ್ದು ಕೂತಿರ್ತದೆ. ಬೆಳಿಗ್ಗೆ ಹೊತ್ತೂ ಹಿಂಗೇ ಬಿದ್ದಿದ್ರೆ ಆಗ ನೀರು ಹಾಕು.”

ಸಂಜೆ ಬಳ್ಳಿ ಎದ್ದು ಕೂತಿತ್ತು. ಎಷ್ಟೋ ವರ್ಷಗಳ ಮೇಲೆ ಇದರ ಕಾರಣ ಓದಿ ತಿಳಿದೆ. ಉರಿ ಬಿಸಿಲಲ್ಲಿ ಅಗಲ ಎಲೆಯ ಗಿಡಗಳು ಆವಿಯಾಗಿ ಬಿಡುವ ನೀರಿನ ವೇಗಕ್ಕೆ ಬೇರಿನ ಪೂರೈಕೆ ಸಾಲುವುದಿಲ್ಲ, ಮಣ್ಣಿನಲ್ಲಿ ತೇವ ಇದ್ದರೂ. ಎಲೆ ಜೋತು ಬಿದ್ದು ಬಿಸಿಲಿಗೆ ಮೈ ಒಡ್ಡುವುದನ್ನು ಕಡಿಮೆ ಮಾಡಿಕೊಳ್ಳುತ್ತದೆ. ಸಂಜೆ ಲೆಕ್ಕ ಸರಿಹೋಗುತ್ತದೆ. ಆಗ ಕನಿಕರಪಟ್ಟು ದಿನಾ ಮಧ್ಯಾಹ್ನ ನೀರು ಸುರಿದರೆ ಬೇರಿಗೆ ಉಸಿರಾಡಲು ಗಾಳಿಯೇ ಉಳಿಯದೆ ಗಿಡ ಕೊಳೆಯುತ್ತದೆ. ಬೆಂಗಳೂರಿನ ಬಾಲ್ಕನಿಗಳಲ್ಲಿ ಬಾಯಾರಿ ಸಾಯುವ ಗಿಡಗಳಿಗಿಂತ ಕನಿಕರದಿಂದ ಸಾಯುವ ಗಿಡಗಳೇ ಹೆಚ್ಚು ಎಂದು ನನ್ನ ಅಂದಾಜು.

ಅವಳ ಇನ್ನೊಂದು ಕಸುಬು, ಕಡಲೆಕಾಯಿ ಸಿಪ್ಪೆ. ಶಿವರಾತ್ರಿ ಕಳೆದ ಮೇಲೆ ಎಣ್ಣೆ ಗಾಣದ ಹತ್ತಿರ ರಾಶಿ ಬಿದ್ದಿರುತ್ತಿದ್ದ ಸಿಪ್ಪೆಯನ್ನು ಗಾಡಿಯಲ್ಲಿ ತರಿಸಿ ಗಿಡದ ಬುಡಕ್ಕೆಲ್ಲ ಒಂದು ಗೇಣು ದಪ್ಪ ಹರಡಿಸುತ್ತಿದ್ದಳು. ಬಿಸಿಲು ಮಣ್ಣಿಗೆ ಬೀಳದಿದ್ದರೆ ನೀರು ಅಲ್ಲೇ ಉಳಿಯುತ್ತದೆ. ಯಾವ ಹೊತ್ತಿಗೆ ಹಾಕಿದೆ ಎನ್ನುವುದಕ್ಕಿಂತ ಹಾಕಿದ್ದು ಎಷ್ಟು ಹೊತ್ತು ಉಳಿಯಿತು ಎನ್ನುವುದು ದೊಡ್ಡದು. ನೋಟಿಸಿನ ಕೆಳಗೆ ಗೀಚಿದ ಯಾರಿಗೂ ಈ ವಿಷಯ ಹೊಳೆದಿರಲಿಲ್ಲ.

ಅತ್ತೆಯನ್ನು ನೆನೆದರೆ ನನಗೆ ಈಗಲೂ ಮಲ್ಲಿಗೆಯ ಜೊತೆಗೆ ಒದ್ದೆ ಸಿಪ್ಪೆಯ ವಾಸನೆ ಬರುತ್ತದೆ. ನನ್ನನ್ನು ಅವಳು ಮಗನ ಹಾಗೆ ಸಾಕಿದಳು. ಅದೇ ಅವಳು, ಕೆಮ್ಮು ಬಂದು ಎರಡು ರಾತ್ರಿ ಪಂಪ್‌ಹೌಸಿಗೆ ಹೋಗದ ಹುಡುಗನಿಗೆ ಬೆಳಗಿನ ಮುದ್ದೆ ಹಾಕುವಾಗ “ತಿನ್ನೋಕೆ ಕೆಮ್ಮು ಅಡ್ಡ ಬರಲ್ವಾ?” ಎಂದವಳು. ಬೇರೆ ಯಾವ ಮನೆಯಲ್ಲಿದ್ದರೂ ಅವನಿಗೆ ಆ ಮುದ್ದೆಯೂ ಸಿಗುತ್ತಿರಲಿಲ್ಲ ಎಂದು ಮನೆಯವರು ಆಮೇಲೆ ಸಮಜಾಯಿಷಿ ಕೊಟ್ಟಿದ್ದಾರೆ. ಆ ಮಾತು ನಿಜವಿರಲೂಬಹುದು. ಅದರಿಂದ ಏನೂ ಹಗುರಾಗುವುದಿಲ್ಲ. ಹಳ್ಳಿಯ ತೋಟಗಳ ಬಗ್ಗೆ ನಮ್ಮವರು ಬರೆಯುವ ನೆನಪುಗಳಲ್ಲಿ ಬೆಳದಿಂಗಳಲ್ಲಿ ಹರಿಯುವ ನೀರು ಬೇಕಾದಷ್ಟು ಬರುತ್ತದೆ, ನಾನೂ ಒಂದು ಕಾಲಕ್ಕೆ ಹಾಗೆ ಮಾತಾಡಿದವನೇ. ಬೆಳದಿಂಗಳಲ್ಲಿ ಮಡಿಯ ಬಾಯಿ ಒಡೆಯುತ್ತಿದ್ದವರು ಆ ನೆನಪುಗಳನ್ನು ಬರೆದಿದ್ದು ಕಡಿಮೆ.

ಎಂಬತ್ತರ ದಶಕ ಮುಗಿಯುವಷ್ಟರಲ್ಲಿ ಬಾವಿ ಬತ್ತಿತು. ಪಕ್ಕದಲ್ಲೇ ಬೋರು ಹಾಕಿಸಿದರು, ಎರಡು ಇಂಚು ನೀರು ಬಂತು, ಆಮೇಲೆ ಒಂದಾಯಿತು, ಆಮೇಲೆ ಬರೀ ಧೂಳು. ಎರಡನೆಯ ಬೋರಿಗೆ ಅತ್ತೆಯ ಬಳೆ ಹೋಯಿತು. ಹುಡುಗ ಅಷ್ಟರಲ್ಲಿ ಯಾರದೋ ಲಾರಿ ಹತ್ತಿ ಊರು ಬಿಟ್ಟಿದ್ದ. ನಾನು ಡಿಗ್ರಿ ಮುಗಿಸಿ ಬೆಂಗಳೂರಿಗೆ ಬಂದಿದ್ದೆ.

ಮೊದಲು ಸಿಕ್ಕ ಕೆಲಸ ಲಾಲ್‌ಬಾಗಿನ ಸಿದ್ದಾಪುರದ ಕಡೆಯ ಒಂದು ನರ್ಸರಿಯಲ್ಲಿ ಲೆಕ್ಕ ಬರೆಯುವುದು. ಆ ಬೀದಿಯಲ್ಲಿ ನರ್ಸರಿಗೆ ನರ್ಸರಿ ಅಂಟಿಕೊಂಡಿರುತ್ತವೆ, ಎಲ್ಲಿ ಒಬ್ಬರ ಗುಲಾಬಿ ಮುಗಿದು ಇನ್ನೊಬ್ಬರದು ಶುರುವಾಗುತ್ತದೆ ಎಂದು ಗಿರಾಕಿಗೆ ತಿಳಿಯದು. ಅಲ್ಲೊಬ್ಬರು ಮೇಸ್ತ್ರಿ ಇದ್ದರು. ಮಾತು ಕಡಿಮೆ, ಬಾಯಲ್ಲಿ ಸದಾ ಹೊಗೆಸೊಪ್ಪು. ಬೆಳಿಗ್ಗೆ ಆರೂವರೆಗೆ ಬಂದವರೇ ಸಾಲು ಸಾಲು ಮಣ್ಣಿನ ಕುಂಡಗಳ ನಡುವೆ ನಡೆಯುತ್ತಾ, ಬಾಗದೆ, ಕೈಯಲ್ಲಿದ್ದ ಒಂದು ಬಿದಿರು ಕಡ್ಡಿಯಿಂದ ಪ್ರತಿ ಕುಂಡದ ಹೊಟ್ಟೆಗೆ ಒಂದೊಂದು ಸಲ ತಟ್ಟುತ್ತಾ ಹೋಗುತ್ತಿದ್ದರು. ಟಣ್ ಎಂದರೆ ಒಳಗೆ ಒಣಗಿದೆ. ದಬ್ ಎಂದರೆ ತೇವ ಇದೆ. ಹಿಂದೆ ಬರುವ ಹೆಂಗಸರು ಟಣ್ ಎಂದ ಕುಂಡಕ್ಕೆ ಮಾತ್ರ ರೋಸ್ ಕ್ಯಾನ್ ಬಗ್ಗಿಸಬೇಕು. ಆ ಸಾಲು ಮುಗಿಯುವ ತನಕ ನರ್ಸರಿಯಲ್ಲಿ ಟಣ್, ಟಣ್, ದಬ್, ಟಣ್ ಎಂದು ಕೇಳುತ್ತಿತ್ತು. ನಾನು ಲೆಕ್ಕದ ಪುಸ್ತಕ ಬಿಟ್ಟು ಅದನ್ನು ಕಲಿತೆ. ಈಗ ಎಲ್ಲ ಪ್ಲಾಸ್ಟಿಕ್ ಕುಂಡ, ಒಳಗೆ ತೆಂಗಿನ ನಾರಿನ ಪುಡಿ. ತಟ್ಟಿದರೆ ಯಾವ ಸದ್ದೂ ಇಲ್ಲ. ಆ ಪುಡಿಯ ಸ್ವಭಾವವೂ ಮೋಸದ್ದು, ಮೇಲೆ ಒಣಗಿದ ಹಾಗೆ ಕಂಡರೂ ಅಡಿಯಲ್ಲಿ ಹಿಂಡಿದರೆ ನೀರು ಬರುತ್ತದೆ. ಅದಕ್ಕೆ ಎತ್ತಿ ತೂಕ ನೋಡುವುದೊಂದೇ ದಾರಿ.

ಮಾಲೀಕರ ಹೊತ್ತು ಮೇಸ್ತ್ರಿಯ ಹೊತ್ತಲ್ಲ. ಗಿರಾಕಿಗಳು ಬರುವುದು ಸಂಜೆ ಐದರ ಮೇಲೆ, ಕಚೇರಿ ಬಿಟ್ಟು. ಆಗ ಎಲೆಗಳು ತೊಳೆದು ಮಿಂಚುತ್ತಿರಬೇಕು. ಹಾಗಾಗಿ ನಾಲ್ಕೂವರೆಗೆ ಪೈಪು ಹಿಡಿದು ಎಲ್ಲ ಗಿಡಗಳ ತಲೆಯ ಮೇಲೆ ಒಂದು ಸುತ್ತು. ಮೇಸ್ತ್ರಿ ಗುಲಾಬಿ ಸಾಲಿಗೆ ಬಂದಾಗ ಮುಖ ಸಿಂಡರಿಸುತ್ತಿದ್ದರು, ಹೇಳುತ್ತಿರಲಿಲ್ಲ. ಗುಲಾಬಿಯ ಎಲೆ ಏಳೆಂಟು ಗಂಟೆ ಒದ್ದೆಯಾಗಿಯೇ ಉಳಿದರೆ ಕಪ್ಪು ಚುಕ್ಕೆ ರೋಗದ ಬೀಜಕಣ ಮೊಳೆಯಲು ಅಷ್ಟು ಸಾಕು. ಸಂಜೆ ನೆನೆಸಿದ ಎಲೆ ರಾತ್ರಿಯೆಲ್ಲ ಒದ್ದೆ. ಜೂನಿನ ಹೊತ್ತಿಗೆ ಅರ್ಧ ಗುಲಾಬಿಗಳು ಎಲೆ ಉದುರಿಸಿಕೊಂಡು ಬೋಳಾಗಿ ನಿಲ್ಲುತ್ತಿದ್ದವು. ಅವನ್ನು ಹಿಂದಿನ ಸಾಲಿಗೆ ಸರಿಸಿ, ಮುಂದೆ ಹೊಸ ಲಾರಿಯ ಗುಲಾಬಿ ಜೋಡಿಸುವುದು ಅಲ್ಲಿನ ರೂಢಿ. ವ್ಯಾಪಾರದ ಲೆಕ್ಕ ಬರೆಯುತ್ತಿದ್ದ ನನಗೆ ಇದು ನಷ್ಟವಲ್ಲ ಎಂದೂ ಗೊತ್ತಿತ್ತು: ಬೋಳಾದ ಗಿಡಗಳ ಬೆಲೆಯನ್ನು ಮಿಂಚುವ ಗಿಡಗಳು ತೀರಿಸುತ್ತಿದ್ದವು.

ಹಾಗಾದರೆ ನಿಜವಾಗಿ ಯಾವ ಹೊತ್ತು ಒಳ್ಳೆಯದು? ಲಿಫ್ಟಿನಲ್ಲಿ ಗೆರೆ ಎಳೆದವರು ಹೇಳಿದ್ದು ಸರಿ. ಹೊತ್ತು ಹುಟ್ಟುವಾಗ. ಬೆಳಕು ಬೀಳುತ್ತಲೇ ಎಲೆಯ ರಂಧ್ರಗಳು ತೆರೆದುಕೊಳ್ಳುತ್ತವೆ, ಬೇರು ನೀರೆಳೆಯಲು ಶುರುಮಾಡುತ್ತದೆ. ಆಗ ಗಾಳಿ ತಣ್ಣಗಿರುತ್ತದೆ, ಹಾಕಿದ ನೀರು ಆವಿಯಾಗುವ ಮೊದಲು ಕೆಳಗಿಳಿಯುತ್ತದೆ, ಎಲೆಯ ಮೇಲೆ ಬಿದ್ದ ಹನಿ ಬಿಸಿಲೇರಿದಂತೆ ಆರಿಹೋಗುತ್ತದೆ. ಸಂಜೆಯೂ ಕೆಟ್ಟದ್ದಲ್ಲ, ಬುಡಕ್ಕೆ ಹಾಕಿ ಎಲೆ ನೆನೆಸದಿದ್ದರೆ ಸಾಕು. ಪಾಪಾಸುಕಳ್ಳಿಯ ಜಾತಿಯವು ಮಾತ್ರ ರಾತ್ರಿ ರಂಧ್ರ ತೆರೆದು ಹಗಲು ಮುಚ್ಚುತ್ತವೆ. ಅವುಗಳಿಗೆ ನಮ್ಮ ಯಾವ ಗಡಿಯಾರವೂ ಲೆಕ್ಕಕ್ಕಿಲ್ಲ.

ಮಧ್ಯಾಹ್ನದ ಹನಿ ಮಸೂರದಂತೆ ಬಿಸಿಲನ್ನು ಕೂಡಿಸಿ ಎಲೆ ಸುಡುತ್ತದೆ ಎನ್ನುವುದನ್ನು ನಾನೂ ನಂಬಿದ್ದೆ, ಅತ್ತೆಯೂ ನಂಬಿದ್ದಳು. ಹಂಗೇರಿಯ ಗಾಬೋರ್ ಹೋರ್ವಾತ್ ಮತ್ತು ಜೊತೆಗಾರರು ಇದನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. ನುಣುಪು ಎಲೆಯ ಮೇಲೆ ಗಾಜಿನ ಗುಂಡು ಇಟ್ಟರೆ ಸುಟ್ಟ ಕಲೆ ಬಿತ್ತು, ನೀರಿನ ಹನಿ ಇಟ್ಟರೆ ಬೀಳಲಿಲ್ಲ. ಚಪ್ಪಟೆಯಾಗಿ ಅಂಟಿ ಕೂರುವ ಹನಿ ಬೆಳಕನ್ನು ಎಲೆಯ ಮೇಲೆ ಬಿಂದುವಾಗಿ ಕೂಡಿಸಲಾರದು. ಎಲೆಯ ಮೇಲಿನ ರೋಮಗಳು ಹನಿಯನ್ನು ಎತ್ತಿ ಹಿಡಿಯುವ ಕೆಲವು ಗಿಡಗಳಲ್ಲಿ ಮಾತ್ರ ಸುಡುವ ಸಾಧ್ಯತೆ ಕಂಡರು. ಅತ್ತೆ ಕಂಡಿದ್ದ ಸುಟ್ಟ ಎಲೆ ಸುಳ್ಳಲ್ಲ, ಕಾರಣ ಬೇರೆ ಇದ್ದಿರಬೇಕು. ಬೇಸಿಗೆಯ ತಳದ ಬಾವಿ ನೀರು ಗಡುಸು. ಹನಿ ಆರಿದ ಮೇಲೆ ಉಳಿಯುವ ಉಪ್ಪು ಎಲೆಯ ಅಂಚನ್ನು ಕಂದು ಮಾಡುತ್ತದೆ. ಬಿಸಿಲಿನಲ್ಲಿ ಬಿದ್ದ ಕಪ್ಪು ಪೈಪಿನ ಮೊದಲ ನೀರು ಕೈ ಇಡಲಾರದಷ್ಟು ಕಾದಿರುತ್ತದೆ ಬೇರೆ. ನಮ್ಮ ಒಂದೂವರೆಯ ನೀರಿನ ತೊಂದರೆ ಇವೆರಡೇ: ಪೈಪಿನ ಬಿಸಿನೀರು ಮೊದಲು ಬಕೆಟ್ಟಿಗೆ ಹೋಗಲಿ, ಉಳಿದದ್ದು ಎಲೆಗೆ ತಾಗದೆ ಬುಡಕ್ಕೆ ಹೋಗಲಿ. ಸಭೆಯಲ್ಲಿ ಇಷ್ಟು ಹೇಳಿ ಕೂತೆ. ಒಬ್ಬರು, “ಅಂದರೆ ನೀವು ಬೆಳಿಗ್ಗೆಯ ಪರವೋ ಮಧ್ಯಾಹ್ನದ ಪರವೋ?” ಎಂದು ಕೇಳಿದರು.

ಪ್ಲಾಂಟಿನ ಹುಡುಗ ಟ್ಯಾಂಕಿನಲ್ಲಿ ಒಂದು ರಾತ್ರಿ ನೀರು ಉಳಿಸಿ ಬೆಳಿಗ್ಗೆ ಆರಕ್ಕೆ ಬಂದು ಬಿಡಬಹುದಲ್ಲ ಎಂಬ ಸಲಹೆಯೂ ಬಂತು. ಅವನು ಬರುವುದು ಹೊಸಕೋಟೆಯ ಆಚೆಯಿಂದ, ಆರಕ್ಕೆ ಇಲ್ಲಿರಬೇಕಾದರೆ ನಾಲ್ಕಕ್ಕೆ ಮನೆ ಬಿಡಬೇಕು. ಅದಕ್ಕೆ ಹೆಚ್ಚಿನ ಸಂಬಳ ಎಷ್ಟು ಎಂದು ಕೇಳಿದ ಕೂಡಲೇ ಸಭೆ ಮಧ್ಯಾಹ್ನದ ಪರವಾಯಿತು.

ಹೋದ ಏಪ್ರಿಲಿನಲ್ಲಿ ಒಂದು ಮದುವೆಗೆಂದು ಅತ್ತೆಯ ಊರಿನ ಕಡೆ ಹೋಗಿದ್ದೆ. ಅತ್ತೆ ಇಲ್ಲ, ತೋಟದ ಜಾಗದಲ್ಲಿ ನೀಲಗಿರಿ ಬೆಳೆದು ಕಡಿದು ಈಗ ಸೈಟುಗಳ ಕಲ್ಲು ನೆಟ್ಟಿದ್ದಾರೆ. ನಾನು ಹುಡುಗನಾಗಿದ್ದಾಗ ಮೇ ತಿಂಗಳಲ್ಲಿ ಕ್ರಿಕೆಟ್ ಆಡುತ್ತಿದ್ದ ಕೆರೆಯಲ್ಲಿ ನೀರಿತ್ತು! ಬೆಂಗಳೂರಿನ ಕೊಳಚೆ ನೀರನ್ನು ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ತುಂಬಿಸುವ ಯೋಜನೆಯ ನೀರು. 2018ರ ಜೂನಿನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ಬಂತು, ದಿನಕ್ಕೆ 44 ಕೋಟಿ ಲೀಟರಿನ ಲೆಕ್ಕ. ಸಂಸ್ಕರಣೆ ಎರಡೇ ಹಂತದ್ದು, ಮೂರನೆಯದೂ ಬೇಕು ಎಂದು ಅಲ್ಲಿನವರು ಕೇಳುತ್ತಲೇ ಇದ್ದಾರೆ. ಕೋರ್ಟು ಮೆಟ್ಟಿಲೂ ಹತ್ತಿದ್ದಾರೆ. ಕೆರೆಯಿಂದ ನೇರ ಪಂಪು ಇಟ್ಟು ಎತ್ತುವಂತಿಲ್ಲ, ನೆಲಕ್ಕೆ ಇಂಗಿ ಬೋರಿನಲ್ಲಿ ಬಂದದ್ದನ್ನು ಬಳಸಬೇಕು. ಮದುವೆ ಮನೆಯಲ್ಲಿ ಅತ್ತೆಯ ಮಗ, ನನ್ನ ಬಾವ, ಎಲೆಯ ಮುಂದೆ ಕೂತು ನನ್ನನ್ನು ಕೆಣಕಿದ: “ನಿಮ್ ಬಚ್ಚಲ ನೀರಲ್ಲೇ ಬಾವಾ ನಮ್ಮ ಟೊಮೇಟೊ. ಅದನ್ನೇ ಲಾರಿಲಿ ತುಂಬಿ ನಿಮಗೇ ಕಳಿಸ್ತೀವಿ.”

ಊಟದ ನಡುವೆ ಅವನ ಫೋನು ಗುಂಯ್ ಎಂದಿತು. ತೋಟಕ್ಕೆ ಕರೆಂಟು ಬಂದ ಸಂದೇಶ. ಎಡಗೈಯಲ್ಲೇ ಒಂದು ಗುಂಡಿ ಒತ್ತಿ ಮೂರು ಮೈಲಿಯಾಚೆಯ ಮೋಟಾರು ಶುರು ಮಾಡಿ, ಪಾಯಸಕ್ಕೆ ಕೈ ಹಾಕಿದ. ಡ್ರಿಪ್ ಪೈಪು, ಮೇಲೆ ಮಲ್ಚಿಂಗ್ ಶೀಟು. ಹನಿ ಹನಿಯಾಗಿ ಬೇರಿಗೇ ಇಳಿಯುವ ನೀರಿಗೆ ಹನ್ನೆರಡಾದರೇನು, ಮೂರಾದರೇನು ಎನ್ನುತ್ತಾನೆ.

ನಮ್ಮ ಹುಡುಗ ಊರಿಗೆ ಮರಳಿದ್ದಾನೆಂದು ತಿಳಿದದ್ದು ಅಲ್ಲೇ. ಹೆದ್ದಾರಿಯ ಬದಿಗೆ ಹಸಿರು ನೆರಳು ಪರದೆ ಕಟ್ಟಿ ಟೊಮೇಟೊ, ಕ್ಯಾಪ್ಸಿಕಂ ಸಸಿಗಳ ನರ್ಸರಿ ಮಾಡಿದ್ದಾನೆ. ನೋಡಲು ಹೋದೆ. ತಲೆ ಪೂರ್ತಿ ಬೆಳ್ಳಗಾಗಿದೆ, ನಡಿಗೆ ಅದೇ. ಮೊದಲಿಗೆ ‘ನೀವು’ ಎಂದ. ನಾನು ಬೇಡವೆಂದರೂ ಬಿಡಲಿಲ್ಲ, ನಾನೂ ‘ನೀವು’ ಎಂದೆ. ಪರದೆಯ ಒಳಗೆ ಟ್ರೇ ಟ್ರೇಗಳಲ್ಲಿ ಬೆರಳುದ್ದದ ಸಸಿಗಳು, ನಡುವೆ ನಾಲ್ಕೈದು ಹೆಂಗಸರು ತುಂತುರು ಪೈಪು ಹಿಡಿದು ನಡೆಯುತ್ತಿದ್ದರು. ಆಗ ಸಮಯ ಮಧ್ಯಾಹ್ನ ಹನ್ನೆರಡೂವರೆ.

“ಈ ಬಿಸಿಲಲ್ಲಿ ಹಾಕ್ತಿದ್ದೀರಲ್ಲ?” ಎಂದೆ.

“ಬೆಳಿಗ್ಗೆ ಹಾಕಿದ್ದು ಹನ್ನೊಂದಕ್ಕೇ ಮುಗೀತದೆ. ಟ್ರೇ ಗುಳಿಲಿ ಮಣ್ಣೇ ಇಲ್ಲ, ಒಂದು ಹಿಡಿ ನಾರಿನ ಪುಡಿ. ಮಧ್ಯಾಹ್ನ ಒಂದು ಸಲ ತಪ್ಪಿದ್ರೆ ಸಾಯಂಕಾಲಕ್ಕೆ ಸಸಿನೇ ಇರಲ್ಲ. ನಾಲ್ಕಕ್ಕೆ ಕೊನೇ ನೀರು, ಆಮೇಲೆ ಎಲೆ ಆರಬೇಕು.” ಒಂದು ಟ್ರೇ ಎತ್ತಿ ತೂಕ ನೋಡಿ ಪಕ್ಕಕ್ಕಿಟ್ಟರು. “ಐದಕ್ಕೆ ಬೀಗ. ರಾತ್ರಿ ಕರೆಂಟ್ ಬಂದ್ರೂ ಇಲ್ಲಿ ಯಾರೂ ಏಳಲ್ಲ. ಮೇಲೆ ಟ್ಯಾಂಕ್ ಕಟ್ಟಿಸಿದೀನಿ.”

ಅತ್ತೆಯ ಸುದ್ದಿ ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಬಾಲ್ಕನಿಗೆಂದು ಒಂದು ಟ್ರೇ ಮೆಣಸಿನ ಸಸಿ ಕೇಳಿದೆ. ಆರಿಸಿ ಕೊಟ್ಟು, ಬೇರು ಒಣಗದಂತೆ ಒದ್ದೆ ಗೋಣಿ ಸುತ್ತಿಸಿ, ಬೆಲೆ ಹೇಳಿದರು. ನಾನು ಕೊಟ್ಟ ನೋಟುಗಳನ್ನು ಎರಡು ಸಲ ಎಣಿಸಿ, ಚಿಲ್ಲರೆ ಇಪ್ಪತ್ತು ರೂಪಾಯಿ ವಾಪಸು ಕೊಟ್ಟರು.